ಸೆಟಪ್ ಫೈಲಿನ ಮೇಲೆ ಯಾರ ಹೆಸರು?

(ಕೊಪ್ಪಳದಲ್ಲಿ, ಸಣ್ಣ ಊರುಗಳಲ್ಲಿದ್ದುಕೊಂಡು ಸಾಫ್ಟ್‌ವೇರ್ ಬರೆಯುವವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಕೆಲಸ ನನಗೆ ಗೊತ್ತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ರೈಸ್ ಮಿಲ್ಲುಗಳ ಲೆಕ್ಕ, ಲಾರಿ ತೂಗುವ ಕಾಟಾ, ಅಂದರೆ ವೇಬ್ರಿಜ್‌ನಿಂದ ತೂಕ ಓದಿ ಚೀಟಿ ಮುದ್ರಿಸುವ ಪ್ರೋಗ್ರಾಂ, ಎಪಿಎಂಸಿಯ ದಲ್ಲಾಳಿ ಅಂಗಡಿಗಳ ಪಟ್ಟಿ, ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಪೀಸ್ ಲೆಕ್ಕದ ಕೂಲಿ ಬಟವಾಡೆ. ಇವೆಲ್ಲ ಇವತ್ತಿಗೂ ವಿಂಡೋಸ್ ಕಂಪ್ಯೂಟರಿನಲ್ಲೇ ನಡೆಯುತ್ತವೆ. ಕಾಟಾದ ಕೋಣೆಯಲ್ಲಿ ಇಂಟರ್ನೆಟ್ ಹೋಯಿತೆಂದು ಸುಗ್ಗಿಯಲ್ಲಿ ಲಾರಿಗಳನ್ನು ಸಾಲುಗಟ್ಟಿ ನಿಲ್ಲಿಸಲು ಆಗುವುದಿಲ್ಲ. ಡೆಸ್ಕ್‌ಟಾಪ್ ಸಾಫ್ಟ್‌ವೇರಿನ ಕಾಲ ಮುಗಿಯಿತು ಎನ್ನುವವರು ಈ ಕಡೆ ಒಂದು ಸುಗ್ಗಿ ಕಳೆದು ನೋಡಬೇಕು.

ನನಗೆ ಕೊಟ್ಟಿರುವ ಪ್ರಶ್ನೆ ಇದು: ಒಬ್ಬರೇ ಅಥವಾ ಇಬ್ಬರೇ ಕೂತು ಇಂಥ ಸಾಫ್ಟ್‌ವೇರ್ ಬರೆಯುವವರು ಕೋಡ್ ಸೈನಿಂಗ್ ಪ್ರಮಾಣಪತ್ರಕ್ಕೆ, ಅಂದರೆ ಈ ಪ್ರೋಗ್ರಾಂ ನನ್ನದೇ ಎಂದು ಡಿಜಿಟಲ್ ಸಹಿ ಹಾಕಲು ಬೇಕಾದ ಗುರುತಿನ ಪತ್ರಕ್ಕೆ, ವರ್ಷವರ್ಷವೂ ಹಣ ಕಟ್ಟಬೇಕೇ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಸಾಫ್ಟ್‌ವೇರ್ ಇಂಟರ್ನೆಟ್ ಮೂಲಕ ಗ್ರಾಹಕರ ಕೈ ಸೇರುತ್ತಿದ್ದರೆ, ಹೌದು, ಕಟ್ಟಬೇಕು. ಆ ಬೆಲೆ ನ್ಯಾಯವಾದದ್ದು ಎಂದು ನಾನು ಒಪ್ಪುವುದಿಲ್ಲ. ಆದರೂ ಕಟ್ಟಬೇಕು ಎನ್ನುವುದಕ್ಕೆ ನನಗಿರುವ ಕಾರಣ ನಿಮ್ಮ ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ, ನಿಮ್ಮ ಗ್ರಾಹಕರ ಕೈಬೆರಳಿಗೆ ಸಂಬಂಧಿಸಿದ್ದು.

2022ರ ಜುಲೈ 18ನ್ನು ನೆನಪಿಸಿಕೊಳ್ಳಿ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಅಂದಿನಿಂದ ಜಾರಿಗೆ ಬಂತು. ಕೆಲವೇ ದಿನಗಳಲ್ಲಿ ಮಾರುಕಟ್ಟೆಗೆ 26 ಕಿಲೋ ಚೀಲ ಇಳಿಯಿತು. 25 ಎಂಬ ಸಂಖ್ಯೆಯನ್ನು ಬಿಲ್ಲಿಂಗಿನ ಹತ್ತು ಕಡೆ ಬರೆದಿಟ್ಟಿದ್ದವರೆಲ್ಲ ರಾತ್ರೋರಾತ್ರಿ ಪ್ರೋಗ್ರಾಂ ತಿದ್ದಬೇಕಾಯಿತು. ತಿದ್ದಿದ್ದನ್ನು ತಲುಪಿಸುವುದು ಹೇಗೆ? ಪ್ರತಿ ಮಿಲ್ಲಿಗೂ ಪೆನ್ ಡ್ರೈವ್ ಹಿಡಿದು ಬೈಕಿನಲ್ಲಿ ಹೋಗಲು ಸಮಯವಿಲ್ಲ. ಗೂಗಲ್ ಡ್ರೈವ್‌ಗೆ ಏರಿಸಿ, ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, ಗುಮಾಸ್ತರಿಗೆ ಫೋನು ಮಾಡುವುದು. ಆಚೆಯಿಂದ ಗಾಬರಿಯ ದನಿ ಬರುತ್ತದೆ: "ಸರ್, ನೀಲಿ ಪರದೆ ಬಂದಿದೆ, ಕಂಪ್ಯೂಟರನ್ನು ರಕ್ಷಿಸಿದ್ದೇವೆ ಅನ್ನುತ್ತಿದೆ." ಈಚೆಯಿಂದ ಹೋಗುವ ಉತ್ತರ ಎಲ್ಲರಿಗೂ ಬಾಯಿಪಾಠ: "ಏನೂ ಆಗುವುದಿಲ್ಲ, ಮೋರ್ ಇನ್ಫೋ ಒತ್ತಿ, ಕೆಳಗೆ ರನ್ ಎನಿವೇ ಬರುತ್ತದೆ, ಅದನ್ನು ಒತ್ತಿಬಿಡಿ."

ಈ ಒಂದು ವಾಕ್ಯ ನನ್ನನ್ನು ಕಾಡುತ್ತದೆ. ಆ ಗುಮಾಸ್ತರು ಹೆದರಿದ್ದು ಸರಿಯಾಗಿಯೇ ಇತ್ತು. ಅವರ ಕಂಪ್ಯೂಟರಿನಲ್ಲಿ ಮಿಲ್ಲಿನ ಬ್ಯಾಂಕ್ ವ್ಯವಹಾರ ಇದೆ, ರೈತರಿಗೆ ಕೊಡಬೇಕಾದ ಬಾಕಿ ಇದೆ, ವರ್ಷಗಳ ಖಾತೆ ಇದೆ. ಅವರು ನಂಬುವ ಒಬ್ಬ ಮನುಷ್ಯ ಫೋನಿನಲ್ಲಿ, ಹೆದರಬೇಡಿ, ದಾಟಿ ಎಂದು ಕಲಿಸಿಕೊಟ್ಟ. ಮುಂದೆ ಕೊರಿಯರ್ ರಸೀದಿ ಎಂದೋ, ತೆರಿಗೆ ನೋಟಿಸ್ ಎಂದೋ ಹೆಸರಿಟ್ಟುಕೊಂಡು ಒಂದು ದುಷ್ಟ ಫೈಲು ಬಂದಾಗಲೂ ಅದೇ ನೀಲಿ ಪರದೆ ಬರುತ್ತದೆ, ಬೆರಳು ಅದೇ ದಾರಿಯಲ್ಲಿ ಹೋಗುತ್ತದೆ. ಆ ದಿನ ಬೀಗ ಬೀಳುವುದು ಮಿಲ್ಲಿನ ಲೆಕ್ಕಕ್ಕೆ. ನಮ್ಮ ಪ್ರೋಗ್ರಾಂ ಶುದ್ಧವಾಗಿತ್ತು ಎಂಬ ಸಮಾಧಾನ ಅಲ್ಲಿ ಯಾರಿಗೂ ಉಪಯೋಗವಿಲ್ಲ.

ಆ ಪರದೆ ಏಕೆ ಬರುತ್ತದೆ ಎನ್ನುವುದನ್ನು ಸರಿಯಾಗಿ ತಿಳಿದುಕೊಳ್ಳೋಣ, ಏಕೆಂದರೆ ಇದರ ಬಗ್ಗೆ ನಮ್ಮಲ್ಲಿ ಅರ್ಧಂಬರ್ಧ ನಂಬಿಕೆಗಳಿವೆ. ಬ್ರೌಸರ್ ಒಂದು ಫೈಲನ್ನು ಇಳಿಸಿಕೊಂಡಾಗ ಅದು ಇಂಟರ್ನೆಟ್‌ನಿಂದ ಬಂದದ್ದು ಎಂಬ ಗುರುತನ್ನು ಫೈಲಿನ ಜೊತೆಗೆ ಬರೆದಿಡುತ್ತದೆ. ಆ ಗುರುತು ಇರುವ ಪ್ರೋಗ್ರಾಂ ತೆರೆದಾಗ ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಅದನ್ನು ತಡೆದು ವಿಚಾರಿಸುತ್ತದೆ. ವಿಂಡೋಸ್ 8 ಬಂದ 2012ರಿಂದ ಇದು ಆಪರೇಟಿಂಗ್ ಸಿಸ್ಟಮ್‌ನೊಳಗೇ ಇದೆ. ಪೆನ್ ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಮಾದರಿಯಲ್ಲಿರುವುದರಿಂದ ಆ ಗುರುತು ಅವುಗಳಲ್ಲಿ ಉಳಿಯುವುದಿಲ್ಲ. ನೀವೇ ಮಿಲ್ಲಿಗೆ ಹೋಗಿ ಹಾಕಿಕೊಟ್ಟಾಗ ನೀಲಿ ಪರದೆ ಬಾರದೆ, ಅದೇ ಫೈಲನ್ನು ಲಿಂಕ್ ಮೂಲಕ ಕಳುಹಿಸಿದಾಗ ಬರುವುದು ಇದಕ್ಕೇ.

ತಡೆದ ಮೇಲೆ ಅದು ನೋಡುವುದು ಎರಡನ್ನು. ಈ ಫೈಲು ಮೊದಲು ಎಷ್ಟು ಜನರ ಬಳಿ ಓಡಿದೆ? ಇದಕ್ಕೆ ಸಹಿ ಹಾಕಿದವರ ಬೇರೆ ಫೈಲುಗಳ ಇತಿಹಾಸ ಹೇಗಿದೆ? ಸಹಿ ಇಲ್ಲದಿದ್ದರೆ ಎರಡನೆಯ ಪ್ರಶ್ನೆಗೆ ಉತ್ತರವೇ ಇಲ್ಲ. ಆಗ ಫೈಲಿನ ಹ್ಯಾಶ್, ಅಂದರೆ ಅದರೊಳಗಿರುವುದನ್ನೆಲ್ಲ ಲೆಕ್ಕ ಹಾಕಿ ಪಡೆದ ಬೆರಳಚ್ಚಿನಂಥ ಸಂಖ್ಯೆ, ಒಂದೇ ಅದರ ಗುರುತು. ನೀವು ಒಂದು ಅಕ್ಷರ ತಿದ್ದಿ ಮತ್ತೆ ಕಂಪೈಲ್ ಮಾಡಿದರೂ ಹ್ಯಾಶ್ ಬದಲಾಗುತ್ತದೆ, ಗಳಿಸಿದ್ದ ಹೆಸರೆಲ್ಲ ಸೊನ್ನೆಗೆ ಇಳಿಯುತ್ತದೆ. ಲಕ್ಷಾಂತರ ಜನ ಬಳಸುವ ಪ್ರೋಗ್ರಾಂ ಸಹಿಯಿಲ್ಲದೆಯೂ ಬೇಗ ಹೆಸರು ಗಳಿಸಬಹುದು. ನಲವತ್ತು ಮಿಲ್ಲುಗಳು ಬಳಸುವ ನಿಮ್ಮ ಪ್ರೋಗ್ರಾಂ ಹಾಗೆ ಗಳಿಸುವ ಮೊದಲೇ ಮುಂದಿನ ತಿದ್ದುಪಡಿ ಬಂದಿರುತ್ತದೆ. ತೆರಿಗೆಯ ದರ ಬದಲಾದಾಗಲೆಲ್ಲ ನೀವು ಹೊಸ ಅಪರಿಚಿತರಾಗುತ್ತೀರಿ. ಸಹಿ ಇದ್ದರೆ ಹೆಸರು ನಿಮ್ಮ ಪ್ರಮಾಣಪತ್ರಕ್ಕೆ ಅಂಟಿ ಉಳಿಯುತ್ತದೆ, ಹೊಸ ಆವೃತ್ತಿಗೂ ಅದರ ಪಾಲು ಸಿಗುತ್ತದೆ.

ಸಹಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ? ಅಕ್ಕಿ ಚೀಲದ ಮೇಲಿನ ಮಿಲ್ಲಿನ ಹೆಸರು ಮತ್ತು ಬಾಯಿಯ ಹೊಲಿಗೆಯನ್ನು ನೋಡಿ. ಯಾರು ತುಂಬಿದರು, ದಾರಿಯಲ್ಲಿ ಯಾರೂ ಬಿಚ್ಚಿಲ್ಲ, ಇಷ್ಟನ್ನು ಅವು ಹೇಳುತ್ತವೆ. ಒಳಗಿನ ಅಕ್ಕಿ ಹಳೆಯದೋ ಹೊಸದೋ ಎಂಬುದನ್ನು ಹೇಳುವುದಿಲ್ಲ. ಸಹಿ ಹಾಕಿದ ಸಾಫ್ಟ್‌ವೇರ್ ಸುರಕ್ಷಿತ ಎಂದು ನಂಬಿದವರು ಮೋಸ ಹೋದ ಉದಾಹರಣೆಗಳು ಬೇಕಾದಷ್ಟಿವೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಎಂಬ ದುಷ್ಟ ಪ್ರೋಗ್ರಾಮಿನ ಡ್ರೈವರುಗಳ ಮೇಲೆ ತೈವಾನಿನ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಕದ್ದ ಸಹಿಗಳಿದ್ದವು. 2017ರಲ್ಲಿ, ಕಂಪ್ಯೂಟರಿನ ಬೇಡದ ಫೈಲುಗಳನ್ನು ತೆಗೆಯುವ ಸಿಕ್ಲೀನರ್‌ನ 5.33 ಆವೃತ್ತಿಯೊಳಗೆ ದುಷ್ಟ ಕೋಡ್ ಸೇರಿಸಿದವರು ಕಂಪನಿಯ ನಿಜವಾದ ಸಹಿಯೊಂದಿಗೇ ಅದನ್ನು ಹೊರಗೆ ಬಿಟ್ಟರು, 20 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ಅದು ಹೋಯಿತು. ಜಾಲ ನಿರ್ವಹಣೆಯ ಸಾಫ್ಟ್‌ವೇರ್ ಮಾಡುವ ಸೋಲಾರ್‌ವಿಂಡ್ಸ್ ಕಂಪನಿಯ 2020ರ ಪ್ರಕರಣದಲ್ಲೂ ವಿಷ ಬೆರೆತ ನವೀಕರಣಕ್ಕೆ ಕ್ರಮಬದ್ಧವಾದ ಸಹಿ ಇತ್ತು.

ಹಾಗಾದರೆ ಸಹಿಯಿಂದ ಪ್ರಯೋಜನವೇನು ಎಂದು ಕೇಳುವಿರಿ. ಈ ಪ್ರಕರಣಗಳಲ್ಲೇ ಉತ್ತರವಿದೆ. ಕದ್ದ ಸಹಿ ಯಾರದೆಂದು ಗೊತ್ತಾದದ್ದರಿಂದ ಆ ಪ್ರಮಾಣಪತ್ರಗಳನ್ನು ರದ್ದು ಮಾಡಲು ಸಾಧ್ಯವಾಯಿತು. ಸಹಿಯಿಲ್ಲದ ಫೈಲಿನಲ್ಲಿ ರದ್ದು ಮಾಡಲು ಏನೂ ಇರುವುದಿಲ್ಲ, ಕೇಳಲು ಯಾರೂ ಇರುವುದಿಲ್ಲ. ಹಣ ಕೊಟ್ಟು ನಾವು ಪಡೆಯುವುದು ಈ ಫೈಲಿಗೆ ನಾನು ಹೊಣೆ ಎಂದು ಹೇಳುವ ಒಂದು ದಾರಿ. ರೈತನ ತೂಕವನ್ನು ಬರೆದಿಡುವ ಸಾಫ್ಟ್‌ವೇರಿಗೆ ಅಂಥ ಹೊಣೆ ಬೇಕೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈಗ ಬೆಲೆಗೆ ಬರೋಣ. ಇಲ್ಲಿ ನನ್ನ ಅಸಮಾಧಾನವನ್ನು ಮುಚ್ಚಿಡುವುದಿಲ್ಲ.

ಸಾಮಾನ್ಯ ಪ್ರಮಾಣಪತ್ರಕ್ಕೆ ಸುಮಾರಾಗಿ ವರ್ಷಕ್ಕೆ 200ರಿಂದ 400 ಡಾಲರ್ ಆಗುತ್ತದೆ. ಅಮೆರಿಕದ ಡೆವಲಪರ್‌ಗೂ ಕೊಪ್ಪಳದ ಡೆವಲಪರ್‌ಗೂ ಹೆಚ್ಚುಕಡಿಮೆ ಅದೇ ದರ. ಅಲ್ಲಿ ಅದು ಕೆಲವು ಗಂಟೆಗಳ ದುಡಿಮೆ, ಇಲ್ಲಿ ಒಂದು ಚಿಕ್ಕ ಮಿಲ್ಲಿನ ಇಡೀ ವರ್ಷದ ನಿರ್ವಹಣಾ ಶುಲ್ಕವನ್ನೇ ನುಂಗಬಹುದು. 2023ರ ಜೂನ್ 1ರಿಂದ ಇನ್ನೊಂದು ಭಾರ ಸೇರಿತು. ಅಲ್ಲಿಯವರೆಗೆ ಸಾಮಾನ್ಯ ಪ್ರಮಾಣಪತ್ರದ ಖಾಸಗಿ ಕೀಲಿಯನ್ನು, ಅಂದರೆ ಸಹಿ ಹಾಕಲು ಬೇಕಾದ ಗುಟ್ಟಿನ ಸಂಖ್ಯೆಯನ್ನು, ಒಂದು ಫೈಲಾಗಿ ಕಂಪ್ಯೂಟರಿನಲ್ಲಿಡಬಹುದಿತ್ತು. ಈಗ ಪೆನ್ ಡ್ರೈವಿನಂತೆ ಕಾಣುವ ಪ್ರಮಾಣಿತ ಹಾರ್ಡ್‌ವೇರ್ ಟೋಕನ್ನಿನಲ್ಲೋ ಕ್ಲೌಡ್‌ನಲ್ಲಿರುವ ಅಂಥದೇ ಸಾಧನದಲ್ಲೋ ಇಡುವುದು ಕಡ್ಡಾಯ. ಕೀಲಿ ಕಳ್ಳತನವನ್ನು ತಡೆಯಲು ಈ ನಿಯಮ ಬೇಕಿತ್ತು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಟೋಕನ್ ವಿದೇಶದಿಂದ ಬರುವ ಖರ್ಚು, ಕಾಯುವಿಕೆ ಎಲ್ಲವೂ ಸಣ್ಣವರ ಮೇಲೇ ಹೆಚ್ಚು ಬಿದ್ದವು. 2026ರ ಮಾರ್ಚ್ 1ರಿಂದ ಹೊಸ ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 39 ತಿಂಗಳಿನಿಂದ 460 ದಿನಗಳಿಗೆ ಇಳಿಸಲಾಗಿದೆ. ಮೂರು ವರ್ಷಕ್ಕೆ ಒಮ್ಮೆಲೇ ಕೊಂಡು ನಿಶ್ಚಿಂತರಾಗಿರುವ ದಾರಿಯೂ ಮುಚ್ಚಿತು. ಪ್ರಮಾಣಪತ್ರ ಬದಲಾದಾಗ ಸ್ವಲ್ಪ ಕಾಲ ನೀಲಿ ಪರದೆ ಮತ್ತೆ ಇಣುಕಬಹುದು.

ಗುರುತಿನ ಪರಿಶೀಲನೆಯೂ ನಮ್ಮ ಕಡೆಯವರಿಗೆ ಸಲೀಸಲ್ಲ. ನಮ್ಮ ಹೆಸರುಗಳ ಮುಂದೆ ಊರಿನ, ತಂದೆಯ ಇನಿಷಿಯಲ್‌ಗಳಿರುತ್ತವೆ. ಆಧಾರ್‌ನಲ್ಲಿ ಒಂದು ಬಗೆ, ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಇನ್ನೊಂದು ಬಗೆ, ಬ್ಯಾಂಕಿನಲ್ಲಿ ಮೂರನೆಯದು. ಅರ್ಜಿ ಹಾಕುವ ಮೊದಲು ಎಲ್ಲ ದಾಖಲೆಗಳಲ್ಲೂ ಹೆಸರು ಅಕ್ಷರಶಃ ಒಂದೇ ಇರುವಂತೆ ಮಾಡಿಕೊಳ್ಳಿ, ಇಲ್ಲವಾದರೆ ವಾರಗಟ್ಟಲೆ ಪತ್ರವ್ಯವಹಾರ ನಡೆಯುತ್ತದೆ. ವೈಯಕ್ತಿಕವಾಗಿ ತೆಗೆದುಕೊಂಡರೆ ಅನುಮತಿ ಕೇಳುವ ಪೆಟ್ಟಿಗೆಯಲ್ಲಿ ನಿಮ್ಮ ಸಾಫ್ಟ್‌ವೇರಿನ ಹೆಸರಿನ ಜೊತೆ ಪ್ರಕಾಶಕರಾಗಿ ನಿಮ್ಮ ಪೂರ್ಣ ಹೆಸರು ಕಾಣಿಸುತ್ತದೆ. ಗ್ರಾಹಕರಿಗೆ ಅದನ್ನು ಮೊದಲೇ ತಿಳಿಸಿಡಿ: "ಈ ಹೆಸರು ಕಂಡರೆ ಮಾತ್ರ ಒಪ್ಪಿಗೆ ಕೊಡಿ, ಬೇರೆ ಹೆಸರಿದ್ದರೆ ನನಗೆ ಫೋನು ಮಾಡಿ." ಸಹಿಯ ನಿಜವಾದ ಬಳಕೆ ಶುರುವಾಗುವುದೇ ಅಲ್ಲಿಂದ.

ಹೆಚ್ಚಿನ ಪರಿಶೀಲನೆ ಮಾಡಿ ಕೊಡುವ, ದುಬಾರಿಯಾದ ಇವಿ ಪ್ರಮಾಣಪತ್ರ ಕೊಂಡರೆ ನೀಲಿ ಪರದೆ ಮೊದಲ ದಿನವೇ ಮಾಯವಾಗುತ್ತದೆ ಎಂದು ಈಗಲೂ ಮಾರುವವರಿದ್ದಾರೆ. ಹಿಂದೆ ಅದು ನಿಜವಿತ್ತು. 2024ರಲ್ಲಿ ಮೈಕ್ರೋಸಾಫ್ಟ್ ಆ ಸೌಲಭ್ಯವನ್ನು ತೆಗೆದುಹಾಕಿತು. ಇವಿ ಇದ್ದರೂ ಹೆಸರನ್ನು ನಿಧಾನವಾಗಿಯೇ ಗಳಿಸಬೇಕು. ವಿಂಡೋಸ್‌ನ ಒಳತಿರುಳಿನಲ್ಲಿ ಓಡುವ ಕರ್ನಲ್ ಡ್ರೈವರ್ ಬರೆಯುವವರಿಗೆ ಅದು ಬೇಕಾಗಬಹುದು, ವೇಬ್ರಿಜ್ ಪ್ರೋಗ್ರಾಂ ಬರೆಯುವವರು ಆ ಹೆಚ್ಚಿನ ಹಣವನ್ನು ದಯವಿಟ್ಟು ಕೊಡಬೇಡಿ.

ಮೈಕ್ರೋಸಾಫ್ಟೇ ತಿಂಗಳಿಗೆ 9.99 ಡಾಲರಿನಿಂದ ಶುರುವಾಗುವ ಕ್ಲೌಡ್ ಸಹಿ ಸೇವೆಯನ್ನು ತನ್ನ ಕ್ಲೌಡ್ ವೇದಿಕೆಯಾದ ಅಜೂರ್‌ನಲ್ಲಿ ತಂದಿತು. ಟೋಕನ್ ಬೇಡ, ಕೊರಿಯರ್ ಬೇಡ, ನಮ್ಮಂಥವರಿಗೆಂದೇ ಮಾಡಿದಂತಿದೆ. ಆದರೆ ಅದನ್ನು ತೆರೆದಿಟ್ಟದ್ದು ಅಮೆರಿಕ, ಕೆನಡಾ, ಯುರೋಪ್ ಕಡೆಯವರಿಗೆ, ಭಾರತದಲ್ಲಿರುವ ಒಬ್ಬಂಟಿ ಡೆವಲಪರ್‌ಗೆ ಬಾಗಿಲು ತೆರೆಯಲಿಲ್ಲ. ಇದು ನನಗೆ ನಿಜಕ್ಕೂ ನೋವು ತರುವ ಸಂಗತಿ. ಎಚ್ಚರಿಕೆಯ ಪರದೆಯನ್ನು ಇಡೀ ಜಗತ್ತಿಗೆ ಹಂಚಿದವರು ಅದರಿಂದ ಅಗ್ಗವಾಗಿ ಹೊರಬರುವ ದಾರಿಯನ್ನೂ ಇಡೀ ಜಗತ್ತಿಗೆ ಹಂಚಬೇಕಿತ್ತು. ಅಲ್ಲಿಯವರೆಗೆ ನಮ್ಮ ಸರ್ಕಾರವಾದರೂ ಇದನ್ನು ಯೋಚಿಸಬಹುದು. ಜಗತ್ತಿನ ಬ್ರೌಸರುಗಳು ನಂಬುವ ಪ್ರಮಾಣಪತ್ರ ಸಂಸ್ಥೆಗಳಲ್ಲಿ ಒಂದಾದ ಇಮುದ್ರಾ ಇರುವುದು ನಮ್ಮ ಬೆಂಗಳೂರಿನಲ್ಲೇ. ನವೋದ್ಯಮಗಳಿಗೆ ಸಹಾಯಧನ ಕೊಡುವ ರಾಜ್ಯ ಸರ್ಕಾರ, ಜಿಲ್ಲೆಗಳಲ್ಲಿ ಕೂತು ಕೆಲಸ ಮಾಡುವವರಿಗೆ ಸಗಟಾಗಿ ಪ್ರಮಾಣಪತ್ರ ಕೊಡಿಸಿದರೆ ಅದಕ್ಕೆ ತಗಲುವ ಖರ್ಚು ಒಂದು ಸಮಾವೇಶದ ಊಟದ ಖರ್ಚಿನಷ್ಟೂ ಆಗಲಿಕ್ಕಿಲ್ಲ.

ಕೊಡುವುದಿಲ್ಲ ಎಂದು ಹಟ ಹಿಡಿದವರೂ ಇದ್ದಾರೆ, ಅವರನ್ನು ನಾನು ಗೌರವಿಸುತ್ತೇನೆ. ಕೋಡ್ ಬರೆಯಲು ನೀವೆಲ್ಲ ಬಳಸುವ ನೋಟ್‌ಪ್ಯಾಡ್ ಪ್ಲಸ್‌ಪ್ಲಸ್‌ನ ಕರ್ತೃ ಡಾನ್ ಹೋ 2019ರಲ್ಲಿ 7.6.4 ಆವೃತ್ತಿಯನ್ನು ಸಹಿಯಿಲ್ಲದೆ ಬಿಡುಗಡೆ ಮಾಡಿದರು. ಉಚಿತ ಸಾಫ್ಟ್‌ವೇರಿಗೆ ಇಷ್ಟು ಹಣ ಏಕೆ ಎಂಬುದು ಅವರ ವಾದ. ಅದೇ ಸಾಫ್ಟ್‌ವೇರಿನ ಮುಂದಿನ ಕಥೆಯನ್ನೂ ತಿಳಿದಿರಬೇಕು. 2025ರಲ್ಲಿ ಅದರ ಹೋಸ್ಟಿಂಗ್ ವ್ಯವಸ್ಥೆಯೊಳಗೆ ನುಸುಳಿದವರು ಕೆಲವು ಬಳಕೆದಾರರ ನವೀಕರಣದ ಕೋರಿಕೆಗಳನ್ನು ತಮ್ಮ ಸರ್ವರಿನತ್ತ ತಿರುಗಿಸಿದರು. ಅದರ ಬಳಿಕ 8.8.9 ಆವೃತ್ತಿಯಲ್ಲಿ, ಇಳಿಸಿಕೊಂಡ ಫೈಲಿನ ಸಹಿಯನ್ನೂ ಪ್ರಮಾಣಪತ್ರವನ್ನೂ ಪರೀಕ್ಷಿಸಿ, ಹೊಂದದಿದ್ದರೆ ನವೀಕರಣವನ್ನೇ ನಿಲ್ಲಿಸುವ ವ್ಯವಸ್ಥೆ ಮಾಡಿದರು.

ಈ ಘಟನೆಯಿಂದ ನಾನು ನಿಮಗೆ ಎತ್ತಿ ತೋರಿಸಬೇಕಾದ ಅಂಶ ಒಂದಿದೆ, ಅದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಸಹಿಯಲ್ಲಿ ಎರಡು ಕೆಲಸಗಳಿವೆ. ವಿಂಡೋಸ್‌ಗೆ ನಿಮ್ಮ ಪರಿಚಯ ಹೇಳುವುದು ಒಂದು, ಅದಕ್ಕೆ ಹಣ ಬೇಕು. ನಿಮ್ಮ ಹಳೆಯ ಆವೃತ್ತಿ ಹೊಸ ಆವೃತ್ತಿಯನ್ನು ಗುರುತಿಸುವುದು ಇನ್ನೊಂದು, ಅದಕ್ಕೆ ಹಣ ಬೇಡ. ಮಿನಿಸೈನ್‌ನಂಥ ಉಚಿತ ಸಾಧನದಿಂದ ಒಂದು ಜೋಡಿ ಕೀಲಿ ಮಾಡಿಕೊಳ್ಳಿ. ಸಹಿಯನ್ನು ಪರೀಕ್ಷಿಸುವ ಸಾರ್ವಜನಿಕ ಕೀಲಿಯನ್ನು ಪ್ರೋಗ್ರಾಮಿನೊಳಗೆ ಸೇರಿಸಿ, ಖಾಸಗಿ ಕೀಲಿಯನ್ನು ಇಂಟರ್ನೆಟ್ ತಾಗದ ಕಡೆ ಇಡಿ, ಪ್ರತಿ ನವೀಕರಣಕ್ಕೂ ಸಹಿ ಹಾಕಿ. ಪ್ರೋಗ್ರಾಂ ಆ ಸಹಿಯನ್ನು ನೋಡಿಯೇ ಹೊಸ ಫೈಲನ್ನು ಮುಟ್ಟಬೇಕು. ಡೆಸ್ಕ್‌ಟಾಪ್ ಪ್ರೋಗ್ರಾಂ ಕಟ್ಟುವ ಟೌರಿಯ ನವೀಕರಣ ವ್ಯವಸ್ಥೆ ಬಳಸುವವರಿಗೆ ಇದು ಕಡ್ಡಾಯವಾಗಿಯೇ ಇದೆ, ಮ್ಯಾಕ್‌ನಲ್ಲಿ ನವೀಕರಣ ತರುವ ಸ್ಪಾರ್ಕಲ್ ಕೂಡ ಹೀಗೆಯೇ ಮಾಡುತ್ತದೆ. ಹಣವಿಲ್ಲದ ಕಾರಣಕ್ಕೆ ಪ್ರಮಾಣಪತ್ರ ಕೊಳ್ಳದವರನ್ನು ನಾನು ದೂರುವುದಿಲ್ಲ. ಈ ಉಚಿತ ಕೆಲಸವನ್ನು ಮಾಡದೆ ಬಿಟ್ಟವರಿಗೆ ಮಾತ್ರ ಸಬೂಬು ಇಲ್ಲ.

ಹಣ ಉಳಿಸುವ ಬೇರೆ ದಾರಿಗಳೂ ಇವೆ. ನಿಮ್ಮ ಕೋಡ್ ಮುಕ್ತವಾಗಿದ್ದರೆ, ಅಂದರೆ ಯಾರು ಬೇಕಾದರೂ ನೋಡಿ ಬಳಸುವಂತಿದ್ದರೆ, ಸೈನ್‌ಪಾತ್ ಫೌಂಡೇಷನ್ ಉಚಿತವಾಗಿ ಸಹಿ ಹಾಕಿಕೊಡುತ್ತದೆ, ಪೋಲೆಂಡಿನ ಸರ್ಟಮ್ ಮುಕ್ತ ತಂತ್ರಾಂಶದವರಿಗೆ ಕಡಿಮೆ ದರದಲ್ಲಿ ಕೊಡುತ್ತದೆ. ಕನ್ನಡ ಫಾಂಟ್ ಪರಿವರ್ತಕ, ಪದಪರೀಕ್ಷಕ ಇಂಥವನ್ನು ಮಾಡುವ ಗೆಳೆಯರಿಗೆ ಇದೇ ಸರಿಯಾದ ದಾರಿ. ಎಲ್ಲರಿಗೂ ಒಂದೇ ಆವೃತ್ತಿ ಕೊಡುವ ಪ್ರೋಗ್ರಾಂ ಆಗಿದ್ದರೆ ಮೈಕ್ರೋಸಾಫ್ಟ್ ಸ್ಟೋರ್ ನೋಡಿ. ಅಲ್ಲಿಗೆ ಎಂಎಸ್‌ಐಎಕ್ಸ್ ಎಂಬ ವಿಂಡೋಸ್ ಪ್ಯಾಕೇಜ್ ರೂಪದಲ್ಲಿ ಕೊಟ್ಟರೆ ಸಹಿಯನ್ನು ಮೈಕ್ರೋಸಾಫ್ಟೇ ಹಾಕುತ್ತದೆ, ವೈಯಕ್ತಿಕ ಡೆವಲಪರ್‌ಗಳ ನೋಂದಣಿ ಶುಲ್ಕವನ್ನು 2025ರಲ್ಲಿ ತೆಗೆದಿದ್ದಾರೆ. ಸಾಮಾನ್ಯ ಎಕ್ಸ್‌ಇ ಫೈಲಾಗಿ ಕೊಡುವುದಾದರೆ ಮಾತ್ರ ಸಹಿ ನಿಮ್ಮದೇ ಆಗಿರಬೇಕು. ಪ್ರತಿ ಮಿಲ್ಲಿಗೂ ಬೇರೆ ಬೇರೆ ರೂಪ ಕೊಡುವವರಿಗೆ ಸ್ಟೋರ್ ಹೊಂದುವುದಿಲ್ಲ. ಮ್ಯಾಕ್ ವಿಷಯದಲ್ಲಿ ಆಯ್ಕೆಯೇ ಕಡಿಮೆ: ವರ್ಷಕ್ಕೆ 99 ಡಾಲರ್ ಕಟ್ಟಬೇಕು, 2019ರ ಕ್ಯಾಟಲಿನಾ ಎಂಬ ಮ್ಯಾಕ್ ಆವೃತ್ತಿಯಿಂದ ಆ್ಯಪಲ್ಲಿಗೆ ಕಳುಹಿಸಿ ನೋಟರೈಸ್ ಮಾಡಿಸಬೇಕು, ಅಂದರೆ ಅವರ ತಪಾಸಣೆ ದಾಟಿಸಬೇಕು, 2024ರ ಸಿಕೋಯಾ ಆವೃತ್ತಿಯಲ್ಲಿ ಬಲಗುಂಡಿ ಒತ್ತಿ ತೆರೆಯುವ ಸುಲಭ ದಾರಿಯನ್ನೂ ತೆಗೆದಿದ್ದಾರೆ. ನಮ್ಮ ಮಿಲ್ಲುಗಳಲ್ಲಿ ಮ್ಯಾಕ್ ಅಪರೂಪವಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ವಿಂಡೋಸ್ ಕೂಡ ಅದೇ ದಿಕ್ಕಿನಲ್ಲಿ ನಡೆಯುತ್ತಿದೆ. 2022ರಲ್ಲಿ ವಿಂಡೋಸ್ 11ಕ್ಕೆ ಬಂದ ಸ್ಮಾರ್ಟ್ ಆ್ಯಪ್ ಕಂಟ್ರೋಲ್ ಚಾಲೂ ಇದ್ದರೆ, ಪರಿಚಯವಿಲ್ಲದ ಮತ್ತು ಸಹಿಯಿಲ್ಲದ ಪ್ರೋಗ್ರಾಂ ಸುಮ್ಮನೆ ನಿಂತುಬಿಡುತ್ತದೆ. ರನ್ ಎನಿವೇ ಗುಂಡಿ ಅಲ್ಲಿಲ್ಲ. ಅದನ್ನು ಆಫ್ ಮಾಡಿಸಿ ಎಂದು ಸಾಹುಕಾರರಿಗೆ ಹೇಳುವ ಪರಿಸ್ಥಿತಿಗೆ ನಾವು ಹೋಗಬಾರದು.

ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು, ಉತ್ತರಗಳನ್ನೂ ಸೇರಿಸುತ್ತೇನೆ.

ಜಿಎಸ್‌ಟಿಗೆ, ಟೆಂಡರಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿ ಪ್ರಮಾಣಪತ್ರ) ಡಾಂಗಲ್ ನಮ್ಮಲ್ಲಿ ಇದೆಯಲ್ಲ, ಅದರಿಂದಲೇ ಸಹಿ ಹಾಕಬಹುದಲ್ಲ ಎಂದು ಒಬ್ಬರು ಕೇಳಿದರು. ಆಗುವುದಿಲ್ಲ. ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ದಾಖಲೆಗಳಿಗೆ ಸಹಿ ಹಾಕಲು ಕೊಟ್ಟದ್ದು. ಪ್ರಮಾಣಪತ್ರದೊಳಗೇ ಅದನ್ನು ಯಾವುದಕ್ಕೆ ಬಳಸಬಹುದು ಎಂದು ಬರೆದಿರುತ್ತದೆ, ಪ್ರೋಗ್ರಾಂಗೆ ಸಹಿ ಹಾಕುವುದು ಅದರಲ್ಲಿಲ್ಲ. ಸಾಧನ ಒಂದೇ ರೀತಿ ಕಂಡರೂ ವಿಂಡೋಸ್ ಒಪ್ಪುವುದಿಲ್ಲ.

ನಮ್ಮದೇ ಪ್ರಮಾಣಪತ್ರ ಮಾಡಿ ಗ್ರಾಹಕರ ಕಂಪ್ಯೂಟರಿನ ನಂಬಿಕೆಯ ಮೂಲಪಟ್ಟಿಗೆ ಸೇರಿಸಿದರೆ ಹೇಗೆ ಎಂಬುದು ಇನ್ನೊಂದು ಪ್ರಶ್ನೆ. ಮಾಡಬೇಡಿ. ನಿಮ್ಮ ಕೀಲಿ ಕಳುವಾದರೆ ಆ ಕಂಪ್ಯೂಟರ್ ಯಾವ ಸುಳ್ಳನ್ನು ಬೇಕಾದರೂ ನಂಬುವ ಸ್ಥಿತಿಗೆ ಬರಬಹುದು, ಬ್ಯಾಂಕಿನ ಜಾಲತಾಣವೂ ಸೇರಿದಂತೆ.

ಆಂಟಿವೈರಸ್ ನಮ್ಮ ಪ್ರೋಗ್ರಾಮನ್ನೇ ಅಳಿಸುತ್ತದೆ ಎಂಬ ದೂರು ಪೈಥಾನ್ ಬಳಸುವವರಿಂದ ಬಂತು. ಪೈಥಾನ್ ಕೋಡನ್ನು ವಿಂಡೋಸ್ ಪ್ರೋಗ್ರಾಂ ಆಗಿ ಕಟ್ಟುವ ಪೈಇನ್‌ಸ್ಟಾಲರ್‌ನಲ್ಲಿ ಎಲ್ಲವನ್ನೂ ಒಂದೇ ಫೈಲಿಗೆ ತುಂಬುವ ಬದಲು ಫೋಲ್ಡರ್ ರೂಪದಲ್ಲಿ ಕೊಟ್ಟರೆ ಈ ಕಾಟ ಎಷ್ಟೋ ಕಡಿಮೆಯಾಗುತ್ತದೆ. ಉಳಿದದ್ದಕ್ಕೆ ಮೈಕ್ರೋಸಾಫ್ಟಿಗೆ ಫೈಲು ಕಳುಹಿಸಿ ಮರುಪರಿಶೀಲನೆ ಕೇಳಬಹುದು, ಅದು ಉಚಿತ. ಆಂಟಿವೈರಸ್ ಆಫ್ ಮಾಡಿ ಎಂದು ಮಾತ್ರ ಯಾರಿಗೂ ಹೇಳಬೇಡಿ.

ನಾಲ್ಕೈದು ಜನ ಸೇರಿ ಒಂದೇ ಪ್ರಮಾಣಪತ್ರ ಕೊಂಡರೆ ಖರ್ಚು ಹಂಚಿಹೋಗುವುದಿಲ್ಲವೇ ಎಂಬ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಟ್ಟೆ, ಏಕೆಂದರೆ ಕೇಳಿದವರ ಕಷ್ಟ ನಿಜವಾದದ್ದು. ಪಾಲುದಾರಿಕೆ ಸಂಸ್ಥೆ ನೋಂದಾಯಿಸಿ, ಅದರ ಹೆಸರಿನಲ್ಲಿ ಕೊಂಡು, ಒಬ್ಬರ ಕೋಡನ್ನು ಇನ್ನೊಬ್ಬರು ನೋಡಿ, ಟೋಕನ್ ಒಬ್ಬರ ವಶದಲ್ಲಿಟ್ಟರೆ ಅದು ಒಳ್ಳೆಯ ವ್ಯವಸ್ಥೆ. ಸುಮ್ಮನೆ ಒಬ್ಬರ ಪ್ರಮಾಣಪತ್ರದಲ್ಲಿ ಉಳಿದವರೆಲ್ಲ ಸಹಿ ಹಾಕಿಸಿಕೊಳ್ಳುವುದು ಅಪಾಯ. ಒಬ್ಬರ ಕಂಪ್ಯೂಟರಿಗೆ ವೈರಸ್ ತಗುಲಿ ಕೆಟ್ಟ ಫೈಲಿಗೆ ಸಹಿ ಬಿದ್ದರೆ ಪ್ರಮಾಣಪತ್ರ ರದ್ದಾಗುತ್ತದೆ, ಆಗ ಐವರ ಸಾಫ್ಟ್‌ವೇರೂ ಒಟ್ಟಿಗೆ ನಿಲ್ಲುತ್ತದೆ. ಅದಕ್ಕಿಂತ ಲೆಕ್ಕ ಹಾಕಿ ಗ್ರಾಹಕರಿಂದ ಕೇಳುವುದು ಮೇಲು. ಖರ್ಚು 25,000 ರೂಪಾಯಿ, ಗ್ರಾಹಕರು 30 ಎಂದಿಟ್ಟುಕೊಂಡರೆ ತಲಾ 1,000 ರೂಪಾಯಿಯೂ ಆಗುವುದಿಲ್ಲ. ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಾಗಿ ಬರೆದು, ಏಕೆಂದು ವಿವರಿಸಿ. ಕಾಟಾಕ್ಕೆ ಪ್ರತಿ ವರ್ಷ ಮುದ್ರೆ ಹಾಕಿಸಲು ಹಣ ಕಟ್ಟುವ ಮಿಲ್ಲಿನ ಯಜಮಾನರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಐದಾರೇ ಗ್ರಾಹಕರಿದ್ದು, ಎಲ್ಲರ ಬಳಿಗೂ ನೀವೇ ಹೋಗಿ ಹಾಕಿಕೊಡುವುದಾದರೆ ಸದ್ಯಕ್ಕೆ ಬೇಡ, ಮಿನಿಸೈನ್ ಸಾಕು.

ಕೊನೆಯ ಪ್ರಶ್ನೆ ಪ್ರಮಾಣಪತ್ರದ ಅವಧಿ ಮುಗಿದರೆ ಹಳೆಯ ಗ್ರಾಹಕರ ಸಾಫ್ಟ್‌ವೇರ್ ನಿಲ್ಲುತ್ತದೆಯೇ ಎಂಬುದು. ಸಹಿ ಹಾಕುವಾಗ ಟೈಮ್‌ಸ್ಟ್ಯಾಂಪ್, ಅಂದರೆ ಸಮಯದ ಮುದ್ರೆ, ಸೇರಿಸಿದ್ದರೆ ನಿಲ್ಲುವುದಿಲ್ಲ. ಪ್ರಮಾಣಪತ್ರ ಚಾಲ್ತಿಯಲ್ಲಿದ್ದಾಗಲೇ ಸಹಿ ಬಿತ್ತು ಎಂಬುದಕ್ಕೆ ಅದು ಸಾಕ್ಷಿ. ಸಹಿ ಹಾಕುವ ಸೈನ್‌ಟೂಲ್‌ಗೆ ಟೈಮ್‌ಸ್ಟ್ಯಾಂಪ್ ಸರ್ವರಿನ ವಿಳಾಸವನ್ನು ಕೊಡುವುದೊಂದೇ ಕೆಲಸ, ಆ ಸರ್ವರುಗಳು ಉಚಿತ. ನಿಮ್ಮ ಬಿಲ್ಡ್ ಸ್ಕ್ರಿಪ್ಟಿನಲ್ಲಿ ಆ ಸಾಲು ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಟೋಕನ್ ಕಳೆದರೆ ಪ್ರಮಾಣಪತ್ರ ಕೊಟ್ಟವರಿಗೆ ಕೂಡಲೇ ತಿಳಿಸಿ, ಕಳೆದ ದಿನಾಂಕದಿಂದ ರದ್ದು ಮಾಡಿ ಎಂದು ಕೇಳಿ. ಆ ದಿನಾಂಕಕ್ಕಿಂತ ಮೊದಲಿನ, ಟೈಮ್‌ಸ್ಟ್ಯಾಂಪ್ ಇರುವ ಫೈಲುಗಳು ಆಗಲೂ ಮಿಲ್ಲುಗಳಲ್ಲಿ ಓಡುತ್ತಲೇ ಇರುತ್ತವೆ.